ಸೂಜಿಮೊನೆಯಷ್ಟು ಗಾಳಿ

"ಕೈ ತೆಗಿ ಅಂದೆ. ತೆಗೀಲಿಲ್ಲ ನೀನು. ನನ್ನ ಮಗಳು ಗಾಜಿನ ಆಚೆ ಕೂತಿದ್ಲು, ನೀನು ನನ್ನ ಕೋಟು ಹಿಡ್ಕೊಂಡು ನಿಂತಿದ್ದೆ."

ಓರ್ಮೋನ್ ತಲೆಯ ಮೇಲಿದ್ದ ತುಪ್ಪಳದ ಟೋಪಿಯನ್ನು ಕಿತ್ತು ಮೇಜಿನ ಮೇಲೆ ಎಸೆದ. ಅದು ಜಾರಿ ಬಟ್ಟಲಿಗೆ ಬಡಿದು ಚಹಾ ಚೆಲ್ಲಿತು. ಬುರುಲ್ ಒರೆಸಲು ಹೋಗಲಿಲ್ಲ. ಆಂಬುಲೆನ್ಸಿನಲ್ಲಿ ಅವಳು ವೈದ್ಯಸಹಾಯಕಿ, ಅವನು ಡ್ರೈವರ್. ವಯಸ್ಸಿನಲ್ಲೂ ಅವಳೇ ದೊಡ್ಡವಳು. ಇಷ್ಟು ವರ್ಷ ಜೊತೆಗೆ ದುಡಿದರೂ ಅವನು ಅವಳನ್ನು ಅಕ್ಕ, ನೀವು ಎಂದೇ ಕರೆಯುತ್ತಿದ್ದ. ಇವತ್ತು ನೀನು ಎನ್ನುತ್ತಿದ್ದಾನೆ.

"ಹಿಡ್ಕೊಂಡೆ," ಅಂದಳು ಬುರುಲ್. "ನಾಳೆ ಇಂಥದೇ ಬಂದ್ರೂ ಹಿಡ್ಕೋತೀನಿ."

"ಗಾಳಿ ಆಡ್ಲಿ, ಗಾಳಿ ಆಡ್ಲಿ ಅಂತ ಜಪ ಮಾಡ್ತಾ ನಿಂತೆ. ನಿನ್ನ ಜಪ ಮುಗಿಯೋದ್ರೊಳಗೆ ಅವಳು ಹೋದ್ಲು."

"ನೀನೂ ಹೋಗ್ತಿದ್ದೆ ಕಣೋ. ಆಮೇಲೆ ಗಾಡಿ ಓಡ್ಸೋಕೆ ಯಾರು ಬರ್ತಿದ್ರು? ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಿದ್ನಾ?"

ಹೊರಗೆ ಅಂಗಳದಲ್ಲಿ ಆಂಬುಲೆನ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು. ನಾರಿನ್ ಕಣಿವೆಯಲ್ಲಿ ಚಳಿ ಹೀಗೆ ಕಚ್ಚಿ ಹಿಡಿದಾಗ ಇಂಜಿನ್ ನಿಲ್ಲಿಸುವವರಿಲ್ಲ. ನಿಲ್ಲಿಸಿದರೆ ಮತ್ತೆ ಹತ್ತುವ ನಂಬಿಕೆ ಇಲ್ಲ. ಜಿಲ್ಲಾಸ್ಪತ್ರೆಯಿಂದ ಇಬ್ಬರೂ ಮಾತಿಲ್ಲದೆ ಬಂದಿದ್ದರು. ಆಂಬುಲೆನ್ಸ್ ಠಾಣೆಯ ಕೋಣೆಗೆ ಕಾಲಿಟ್ಟ ಮೇಲೆ ಅವನು ಬಾಯಿ ಬಿಟ್ಟಿದ್ದ.

ಬೆಳಿಗ್ಗೆ ಕರೆ ಬಂದಾಗ ಮಂಜು ನೆಲಕ್ಕೇ ಕೂತಿತ್ತು. ಫೋನ್ ಮಾಡಿದವನು ಮೇಲಿನ ಬೀದಿಯ ಒಬ್ಬ ಮುದುಕ. "ಪಕ್ಕದ ಕುಲಿಪಾ ಮನೆ ಚಿಮಣಿಯಲ್ಲಿ ಹೊಗೆ ಕಾಣ್ತಿಲ್ಲಮ್ಮ. ನಾಯಿ ಬೊಗಳ್ತಿಲ್ಲ. ಬಾಗಿಲು ತಟ್ಟಿದ್ರೆ ಓಗೊಡೋರಿಲ್ಲ," ಅಂದ. ಬುರುಲ್ ಫೋನ್ ಇಟ್ಟು ತಿರುಗಿದಾಗ ಓರ್ಮೋನ್ ಆಗಲೇ ಗಾಡಿಯ ಬೀಗದ ಕೈ ಹಿಡಿದು ನಿಂತಿದ್ದ. ಕುಲಿಪಾ ಅವನ ಬೀಗಿತ್ತಿ. ಆ ಮನೆಯಲ್ಲಿ ಅವನ ಮಗಳು ಮೀರಿಮ್ ಇನ್ನೂ ನಲವತ್ತು ದಿನ ತುಂಬದ ಕೂಸನ್ನು ಇಟ್ಟುಕೊಂಡಿದ್ದಳು. ಅಳಿಯ ದೂರದ ಗಣಿಯಲ್ಲಿ ಪಾಳಿಗೆ ಹೋಗಿದ್ದ.

"ನೀನು ಬೇಡ, ಬೇರೆ ಯಾರನ್ನಾದ್ರೂ ಕರೀತೀನಿ," ಅಂದಳು ಬುರುಲ್.

"ಬೇರೆ ಯಾರಿದಾರೆ ಅಕ್ಕ?"

ಯಾರೂ ಇರಲಿಲ್ಲ. ಗಾಡಿ ಒಂದೇ, ಡ್ರೈವರ್ ಒಬ್ಬನೇ.

ಅವನು ಹುಚ್ಚನ ಹಾಗೆ ಓಡಿಸಲಿಲ್ಲ. ಹೆಪ್ಪುಗಟ್ಟಿದ ರಸ್ತೆಯಲ್ಲಿ ಬ್ರೇಕಿಗೆ ಕಾಲು ತಾಗಿಸದೆ, ಗೇರಿನಲ್ಲೇ ವೇಗವನ್ನು ಹಿಡಿತದಲ್ಲಿಟ್ಟುಕೊಂಡು ಹೋದ. ಗೇಟಿನ ಮುಂದೆ ಗಾಡಿ ತಿರುಗಿಸಿ, ಮೂತಿ ರಸ್ತೆಯ ಕಡೆಗೆ ಇಟ್ಟು ನಿಲ್ಲಿಸಿದ. ಯಾವ ಮನೆಗೆ ಹೋದರೂ ಅವನು ನಿಲ್ಲಿಸುವುದೇ ಹಾಗೆ. ಹೊರಡುವಾಗ ಗಾಡಿ ತಿರುಗಿಸುತ್ತ ಕೂರಬಾರದು.

ಅಂಗಳದಲ್ಲಿ ನಾಯಿ ಬಾಗಿಲ ಸಂದಿಗೆ ಮೂಗು ಒತ್ತಿ ಮಲಗಿತ್ತು. ಅವರನ್ನು ನೋಡಿ ಎದ್ದೇಳಲಿಲ್ಲ, ಬಾಲ ಆಡಿಸಲಿಲ್ಲ. ಜೀವ ಇತ್ತು, ಕಿವಿ ಅಲುಗುತ್ತಿತ್ತು. ಬಾಗಿಲ ಆಚೆ ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಬಿದ್ದುಕೊಂಡಿತ್ತು.

ಓರ್ಮೋನ್ ಕಿಟಕಿಗೆ ಓಡಿ ಗಾಜಿನ ಮೇಲಿನ ಮಂಜನ್ನು ಅಂಗೈಯಿಂದ ಉಜ್ಜಿದ. ಒಳಗೆ, ಗಾಜಿಗೆ ಕೆನ್ನೆ ಒತ್ತಿಕೊಂಡು ಮೀರಿಮ್ ಕೂತಿದ್ದಳು. ಕಣ್ಣು ಅರ್ಧ ತೆರೆದಿತ್ತು. ಮುಖ ಕೆಂಪಗೆ ಸೇಬಿನ ಹಾಗಿತ್ತು.

"ಎದ್ದೇ ಇದಾಳೆ ಅಕ್ಕ. ನನ್ನೇ ನೋಡ್ತಿದಾಳೆ. ಮುಖದಲ್ಲಿ ಕಳೆ ನೋಡಿ," ಅಂದ. ಬೆರಳಿನಿಂದ ಗಾಜು ತಟ್ಟಿ, "ಮೀರಿಮ್, ಬಾಗಿಲು ತೆಗಿಯೇ ಪುಟ್ಟಾ," ಅಂದ.

ಆ ಕೆಂಪು ಬುರುಲಳಿಗೆ ಗೊತ್ತಿತ್ತು. ಕಲ್ಲಿದ್ದಲ ಒಲೆ ಪೂರ್ತಿ ಉರಿದು ತಣಿಯುವ ಮೊದಲೇ, ಕಾವು ಉಳಿಯಲಿ ಎಂದು ಹೊಗೆ ಕೊಳವೆಯ ಮುಚ್ಚಳ ಹಾಕಿಬಿಡುತ್ತಾರೆ. ಆಮೇಲೆ ಆ ಮನೆಯವರೆಲ್ಲ ಹೀಗೆ, ಮದುವೆ ಮನೆಯಿಂದ ಬಂದವರಂತೆ ಕೆಂಪಗೆ ಕೂತಿರುತ್ತಾರೆ. ಆ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ.

ಓರ್ಮೋನ್ ಬಾಗಿಲಿಗೆ ಒದ್ದ. ಎರಡನೆಯ ಒದೆತಕ್ಕೆ ಚಿಲಕ ಕಿತ್ತುಕೊಂಡು ಬಂತು. ಹೊಸ್ತಿಲು ದಾಟಬೇಕೆನ್ನುವಷ್ಟರಲ್ಲಿ ಬುರುಲ್ ಹಿಂದಿನಿಂದ ಅವನ ಕೋಟಿನ ಬೆಲ್ಟು ಹಿಡಿದು ಎಳೆದಳು. ಇಬ್ಬರೂ ಹಿಮಕ್ಕೆ ಬಿದ್ದರು.

"ಕೆಟ್ಟ ಗಾಳಿ ತುಂಬಿದ್ದ ಆ ಆಲೂಗಡ್ಡೆ ನೆಲಮಾಳಿಗೆ ನೆನಪಿದೆಯಾ? ಅಪ್ಪನ್ನ ಎತ್ತೋಕೆ ಮಗ ಇಳಿದ, ಮಗನ್ನ ಎತ್ತೋಕೆ ಅಳಿಯ ಇಳಿದ. ಮೂರೂ ಹೆಣ ಎತ್ತಿದ್ದು ನಾವೇ ತಾನೆ? ಮೊದಲು ಕಿಟಕಿ ಒಡಿಬೇಕು. ಜಾಕಿನ ರಾಡು ತಗೊಂಡು ಬಾ."

ಅವನು ತಂದ. ಹಿಂಬದಿಯ ಕಿಟಕಿಯನ್ನು ಒಡೆದಾದ ಮೇಲೆ, ಮೀರಿಮ್ ಕೂತಿದ್ದ ಕಿಟಕಿಯ ಪಕ್ಕದ ಗಾಜನ್ನು ಬುರುಲ್ ತಾನೇ ಒಡೆದಳು. ಆಗ ಬೆಕ್ಕಿನ ಮರಿಯಂಥ ಒಂದು ದನಿ ಕೇಳಿತು. ಮೀರಿಮಳ ಗಲ್ಲದ ಕೆಳಗೆ, ಶಾಲಿನೊಳಗೆ ಕೂಸಿತ್ತು. ಅದರ ಮುಖ ಕಿಟಕಿ ಚೌಕಟ್ಟಿನ ಮೂಲೆಗೆ ಒತ್ತಿಕೊಂಡಿತ್ತು. ಆ ಮೂಲೆಯಲ್ಲಿ ಸಂದಿಗೆ ತುರುಕಿದ್ದ ಉಣ್ಣೆಯ ಪಟ್ಟಿ ಕಿತ್ತು ಜೋತಾಡುತ್ತಿತ್ತು. ಪಟ್ಟಿಯ ತುದಿ ಉಗುರಿನಿಂದ ಪರಚಿ ಪರಚಿ ಎಳೆ ಎಳೆಯಾಗಿತ್ತು. ಅಲ್ಲಿ ಒಂದು ಬೆರಳು ತೂರುವಷ್ಟು ಸಂದಿ ಬಿದ್ದಿತ್ತು.

ಒಡೆದ ಆ ಕಿರಿದಾದ ಚೌಕಟ್ಟಿನಲ್ಲಿ ಕೂಸು ತೂರುತ್ತಿತ್ತು, ತಾಯಿ ತೂರುವಂತಿರಲಿಲ್ಲ. ಬುರುಲ್ ಕೂಸನ್ನು ಹೊರಗೆಳೆದಾಗ ಪಟ್ಟಿಯೂ ಅವಳ ಕೈಗೆ ಬಂತು. ನೀಲಿ ಅಂಚಿನ ದಪ್ಪ ಉಣ್ಣೆ. ಅದನ್ನು ನೋಡಿದ್ದೇ ಅವಳು ಜೇಬಿಗೆ ತುರುಕಿದಳು. ಕೂಸನ್ನು ಬೀದಿಯಲ್ಲಿ ನಿಂತಿದ್ದ ನೆರೆಯ ಮುದುಕನ ಕೈಗೆ ಕೊಟ್ಟು, ಗಾಡಿಯೊಳಗೆ ಕೂರಲು ಹೇಳಿದಳು.

ಆಮೇಲೆ ಒಳಗೆ ಗಾಳಿ ಆಡಲಿ ಎಂದು ಕಾದರು. ಓರ್ಮೋನ್ ಒಡೆದ ಗಾಜಿನಿಂದ ಕೈ ತೂರಿಸಿ ಮಗಳ ಬೆರಳು ಹಿಡಿದುಕೊಂಡಿದ್ದ. "ಬೆಚ್ಚಗಿದೆ ಅಕ್ಕ, ಬೆಚ್ಚಗಿದೆ, ಹೋಗೋಣ," ಅನ್ನುತ್ತಿದ್ದ. ಬುರುಲ್ ಅವನ ಕೋಟನ್ನು ಬಿಡಲಿಲ್ಲ. ಅವಳ ಕಣ್ಣು ಒಳಗಿನ ಪರದೆಯ ಮೇಲಿತ್ತು. ಪರದೆ ಮರದ ಹಲಗೆಯ ಹಾಗೆ ನೇರ ನಿಂತಿತ್ತು. ಅದರ ಆಚೆ ರೇಡಿಯೊ ತಗ್ಗಿದ ದನಿಯಲ್ಲಿ ಯಾರಿಗೋ ಹವಾಮಾನ ಹೇಳುತ್ತಿತ್ತು. ಪರದೆ ಒಮ್ಮೆ ಉಬ್ಬಿತು, ಒಳಗಿನಿಂದ ಯಾರೋ ಬೆರಳಲ್ಲಿ ಮೆಲ್ಲಗೆ ತಳ್ಳಿದ ಹಾಗೆ. ಆಮೇಲೆ ಬಟ್ಟೆಯ ಹಾಗೆ ಬಳುಕಿತು.

"ಈಗ," ಅಂದಳು ಬುರುಲ್. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತುದಿಯನ್ನು ಅವನ ಕೈಗೆ ಕೊಟ್ಟಳು. "ನಾನು ಬಿದ್ರೆ ಎಳಿ. ನೀನು ಒಳಗೆ ಬರಬೇಡ."

ಒಳಗೆ ಊಟಕ್ಕೆ ಹಾಸಿದ್ದ ಬಟ್ಟೆಯ ಮೇಲೆ ರೊಟ್ಟಿ ಮುರಿದಿಟ್ಟಿತ್ತು. ಮೂರು ಬಟ್ಟಲಲ್ಲಿ ಚಹಾ ಸುರಿದಿಟ್ಟಿತ್ತು, ಮೂರನೆಯದು ಯಾರಾದರೂ ಬಂದರೆಂದು. ಕುಲಿಪಾ ಗೋಡೆಗೆ ಒರಗಿ, ಮಡಿಲಲ್ಲಿ ರಜಾಯಿ, ಬೆರಳಲ್ಲಿ ಸೂಜಿ ಹಿಡಿದು ಕೂತಿದ್ದಳು. ಅವಳ ಮುಖ ಬಾಗಿಲ ಕಡೆಗಿತ್ತು, ತುಂಬ ಆರೋಗ್ಯವಾಗಿತ್ತು. ಬುರುಲ್ ಹಾದುಹೋಗುವಾಗ ಅವಳ ಕೊರಳು ಮುಟ್ಟಿದಳು. ಕಲ್ಲು. ಬಾಗಿಕೊಂಡೇ ಹೋಗಿ ಮೀರಿಮಳ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದಳು. ಹುಡುಗಿಯ ಉಗುರುಗಳಲ್ಲಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

ಮೂಗಿಗೆ ಆಮ್ಲಜನಕ ಹಿಡಿದು ಜಿಲ್ಲಾಸ್ಪತ್ರೆಯವರೆಗೆ ತಂದರು. ಓರ್ಮೋನ್ ಒಮ್ಮೆಯೂ ಹಿಂದೆ ತಿರುಗಿ ನೋಡದೆ ಗಾಡಿ ಓಡಿಸಿದ. ಕಣಿವೆಯ ಸೇತುವೆ ದಾಟಿದ ಮೇಲೆ ಮೀರಿಮಳ ಎದೆ ಏಳುವುದು ನಿಂತಿತು. ಆಸ್ಪತ್ರೆಯ ಬಾಗಿಲವರೆಗೂ ಬುರುಲ್ ಅವಳ ಎದೆ ಒತ್ತುತ್ತಲೇ ಇದ್ದಳು. ಒಳಗೆ ವೈದ್ಯರು ಇನ್ನೂ ಸ್ವಲ್ಪ ಹೊತ್ತು ಒತ್ತಿದರು. ಕೂಸು ದಾದಿಯ ತೋಳಲ್ಲಿ ಹಸಿವಿಗೆ ಅಳುತ್ತಿತ್ತು.

"ನಿನಗೇನು ಗೊತ್ತು," ಅಂದ ಈಗ ಓರ್ಮೋನ್. ದನಿ ಇಳಿದಿತ್ತು, ಅದು ಕೂಗಿಗಿಂತ ಕೆಟ್ಟದಾಗಿತ್ತು. "ಹೆತ್ತಿದ್ರೆ ತಾನೆ ಗೊತ್ತಾಗೋದು. ಬಂಜೆಗೆ ಕಾಯೋಕೇನು ಕಷ್ಟ."

ಬುರುಲಳ ಕೈ ಜೇಬಿಗೆ ಹೋಯಿತು. ಉಣ್ಣೆ ಬೆರಳಿಗೆ ತಾಗಿತು. ಹೇಳಬಾರದು ಎಂದುಕೊಂಡಳು. ಹೋದ ವಾರ ಇದೇ ಮೇಜಿನ ಹತ್ತಿರ ಕೂತು ಅವನು ಕುದುರೆಯ ಜೀನಿನ ಕೆಳಗೆ ಹಾಸುವ ಹಳೆಯ ಕಂಬಳಿಯನ್ನು ಕತ್ತರಿಸಿ ಪಟ್ಟಿ ಮಾಡುತ್ತಿದ್ದ. "ನಲವತ್ತು ತುಂಬೋವರೆಗೆ ಕೂಸಿಗೆ ಗಾಳಿ ತಾಗಬಾರದು. ಒಂದೊಂದು ಕಿಟಕಿಗೂ ಹೇಗೆ ತುರುಕ್ತೀನಿ ಅಂದ್ರೆ ಅಕ್ಕ, ಸೂಜಿಮೊನೆಯಷ್ಟು ಗಾಳಿನೂ ಬರಲ್ಲ," ಅಂದಿದ್ದ. "ಎಲ್ಲರಿಗೂ ಇಂಥ ಅಪ್ಪ ಸಿಗಬೇಕು," ಅಂದು ಅವಳೂ ಅವನಿಗೆ ಇನ್ನೊಂದು ಬಟ್ಟಲು ಚಹಾ ಸುರಿದಿದ್ದಳು. ಉಳಿದ ಪಟ್ಟಿಯನ್ನು ಅವನು ಠಾಣೆಯ ಈ ಕಿಟಕಿಗೇ ತುರುಕಿದ್ದ, ಅವಳ ಮಂಡಿ ನೋವಿಗೆ ಥಂಡಿ ಆಗಬಾರದೆಂದು.

"ಹೇಳು," ಅಂದ ಓರ್ಮೋನ್. "ಬಾಯಿಲ್ವಾ? ನನ್ನ ಮಗಳನ್ನ ಕೊಂದೋರು ಯಾರು ಹೇಳು."

ಅವಳ ಸಿಟ್ಟು ಅವಳ ಕೈಯಲ್ಲಿತ್ತು, ಕೈ ಅವಳ ಮಾತು ಕೇಳಲಿಲ್ಲ. ಪಟ್ಟಿ ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬಿತ್ತು.

ಓರ್ಮೋನ್ ನೋಡಿದ. ಮೊದಲು ನೀಲಿ ಅಂಚು ನೋಡಿದ, ತನ್ನ ಚಾಕುವಿನ ಓರೆ ಕೊಯ್ತ ನೋಡಿದ. ಆಮೇಲೆ ಪರಚಿದ ತುದಿ. ಅದನ್ನು ಎತ್ತಿಕೊಂಡು ಚಹಾ ಹಿಂಡಿದ. ಎಳೆ ಎಳೆಯಾಗಿದ್ದ ತುದಿಯನ್ನು ಹೆಬ್ಬೆರಳಿನಿಂದ ನೇವರಿಸಿ ನೇವರಿಸಿ ಒಟ್ಟು ಮಾಡಿದ.

"ಕೂಸಿನ ಮುಖ ಇತ್ತಾ ಅಲ್ಲಿ?" ಅಂದ.

"ಅಲ್ಲೇ ಇತ್ತು."

"ಓರ್ಮೋನ್, ಕೂತ್ಕೋ," ಅಂದಳು ಬುರುಲ್, ಕುರ್ಚಿಯನ್ನು ಅವನ ಕಡೆ ತಳ್ಳಿ. "ನನ್ನ ಬಾಯಿ, ನನ್ನ ಕೈ, ಎರಡೂ ಕೆಟ್ಟದ್ದು. ಕೂತ್ಕೊಳ್ಳೋ."

ಅವನು ಪಟ್ಟಿಯನ್ನು ಮಡಿಸಿ ಎದೆ ಜೇಬಿನಲ್ಲಿಟ್ಟುಕೊಂಡ. ಬೀಗದ ಕೈ ಗೋಡೆಯ ಮೊಳೆಗೆ ಹಾಕಬೇಕೆಂದು ಕೈ ಎತ್ತಿ, ಅದು ಗಾಡಿಯಲ್ಲೇ ಇದೆ ಎಂದು ನೆನಪಾಗಿ ಇಳಿಸಿದ.

"ಇಂಜಿನ್ ನಿಲ್ಲಿಸಿಲ್ಲ, ನೋಡ್ಕೊಳ್ಳಿ ಅಕ್ಕ," ಅಂದ. "ಮೂತಿ ರಸ್ತೆ ಕಡೆಗೇ ಇದೆ."

ಬಾಗಿಲು ತೆರೆದು, ಚಳಿ ಒಳಗೆ ನುಗ್ಗದಂತೆ ಬೇಗನೆ ಹಿಂದಕ್ಕೆಳೆದು ಹೋದ. ಟೋಪಿ ಮೇಜಿನ ಮೇಲೇ ಉಳಿಯಿತು. ಹಿಮದ ಮೇಲೆ ಹೆಜ್ಜೆಯ ಕರಕರ ಗಾಡಿಯವರೆಗೆ ಕೇಳಿತು, ಗಾಡಿ ದಾಟಿತು, ಗೇಟು ದಾಟಿತು. ಟೋಪಿಗಾದರೂ ಬರುತ್ತಾನೆ ಎಂದು ಬುರುಲ್ ಕಾದಳು. ಮಂಜಿನಲ್ಲಿ ಗಾಡಿ ಒಂದೇ ಸಮ ಗುರುಗುಟ್ಟುತ್ತಿತ್ತು. ಕೋಣೆಯ ಒಲೆಯಲ್ಲಿ ಕಲ್ಲಿದ್ದಲು ಚಟ್ ಎಂದಿತು.

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಗಾಜೆಲ್ಲ ಮಂಜುಗಡ್ಡೆ, ಏನೂ ಕಾಣುತ್ತಿರಲಿಲ್ಲ. ಚೌಕಟ್ಟಿನ ಸುತ್ತ ನೀಲಿ ಅಂಚು ಒಂದೇ ಅಳತೆಗೆ, ಎಲ್ಲೂ ಸುಕ್ಕಿಲ್ಲದೆ ಕೂತಿತ್ತು. ಮೂಲೆಯಲ್ಲಿ ಉಗುರು ಹಾಕಿ ಎಳೆದಳು. ಬರಲಿಲ್ಲ. ಮತ್ತೆ ಹಾಕಿದಳು. ಉಗುರು ಮುರಿಯಿತು, ಉಣ್ಣೆ ಒಂದು ಎಳೆ ಬಿಟ್ಟುಕೊಟ್ಟಿತು. ಆ ಸಣ್ಣ ತೂತಿನಿಂದ ಚಳಿ ದಾರದ ಹಾಗೆ ಬಂದು ಅವಳ ಮುಖಕ್ಕೆ ತಾಗಿತು.