ಕಟ್ಟೆಯ ಹಿಂದಿನ ಕೆಮ್ಮು

ಇದು ಖರೆ ಕಥೆ. ಬೇಕಾದರೆ ಉಮದಿ ದವಾಖಾನೆಯ ಕಂಪೌಂಡರ ಗುರಪ್ಪನನ್ನೇ ಕೇಳಿ. ಅವನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ, ಸುಮ್ಮನೆ ಬೆವರುತ್ತಾನೆ.

ಜತ್ತದ ಸಂಸ್ಥಾನ ಮುಗಿದು ಐದಾರು ವರ್ಷವಾಗಿದ್ದ ಕಾಲ. ಗುರಪ್ಪನಿಗೆ ಇದ್ದದ್ದು ಒಂದೇ ಗಂಟಲು, ಅದರಲ್ಲಿ ಬಿಡಾರ ಹೂಡಿದ್ದು ಇಡೀ ತಾಲ್ಲೂಕು. ಮಾಮಲೇದಾರರ ಗದರಿಕೆ, ಸಂತೆಯ ದಲಾಲಿಯ ಕೂಗು, ಹಲ್ಲು ಕೀಳಿಸಿಕೊಂಡವನ ತೊದಲು, ಯಾವುದು ಕೇಳಿದರೆ ಅದು. ಡಾಕ್ಟರು ಹೆಚ್ಚಾಗಿ ಜತ್ತದಲ್ಲೇ ಇರುತ್ತಿದ್ದರಿಂದ, ಹಳ್ಳಿಗಳಿಂದ ಕರೆ ಬಂದರೆ ಸೈಕಲ್ಲಿಗೆ ಔಷಧದ ಚೀಲ ಕಟ್ಟಿ ಓಡುವವನೂ ಅವನೇ.

ಬಾಲಗಾಂವದಿಂದ ಚನ್ನವ್ವ ಹೇಳಿಕಳಿಸಿದಳು: "ಬಾಜೂಕಿನ ಹೊಲದ ಮಲಕವ್ವಾಯಿ ಕಣ್ಣ ತಗೀವಲ್ಲಳು. ಲಗೂನ ಬರ್ರಿ."

ಮುದುಕಿ ಗುಡಿಸಲಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾಡಿ ನೂಲಿನಷ್ಟು. ಮಕ್ಕಳಿಲ್ಲ. ಗಂಡ ಸೋಮನಿಂಗಪ್ಪ ದಮ್ಮಿನಿಂದ ತೀರಿಕೊಂಡಿದ್ದು ದೀಪಾವಳಿಗೆ. ಆಗ ಔಷಧ ಕೊಟ್ಟವನೂ ಗುರಪ್ಪನೇ. ಅವರ ಮತದ ಪದ್ಧತಿಯಂತೆ ಅವನನ್ನು ಕೂತ ಭಂಗಿಯಲ್ಲೇ ಮಣ್ಣು ಮಾಡಿದ್ದರು, ಸ್ವಂತ ಹೊಲದಲ್ಲಿ, ಗುಡಿಸಲಿನ ಬಾಗಿಲಿಗೆ ಮುಖ ಮಾಡಿಸಿ. ಮೇಲೆ ಕಲ್ಲಿನ ಕಟ್ಟೆ.

"ಅವರು ಅಲ್ಲಿ ಒಬ್ಬರ ಕುಂತಾರ," ಅಂದಳು ಮಲಕವ್ವ. "ಹಗಲೂ ರಾತ್ರಿ ಈ ಬಾಗಲಾ ನೋಡ್ಕೋತ. ಬಾ ಅಂದ್ರ ಹೋಗ್ತೀನಿ, ಇರು ಅಂದ್ರ ಇರ್ತೀನಿ. ಏನೂ ಅನವಲ್ರು. ಅವರು ಮಾತಾಡೂತನಕ ನಾ ತುತ್ತು ಮುಟ್ಟಾಂಗಿಲ್ಲ."

ಇನ್ನೆರಡು ದಿನ ಹೀಗೇ ಕಳೆದರೆ ಮುದುಕಿ ಉಳಿಯುವುದಿಲ್ಲ ಎಂದು ಗುರಪ್ಪನಿಗೆ ಗೊತ್ತಿತ್ತು. ಚನ್ನವ್ವನಿಗೆ ಗಂಜಿ ಕಾಸಲು ಹೇಳಿದ. ಹೊರಟವನಂತೆ ನಟಿಸಿ, ಸೈಕಲ್ಲನ್ನು ಜೋಳದ ಕಣಿಕೆಯ ಬಣವೆಗೆ ಒರಗಿಸಿ, ಹೊತ್ತು ಮುಳುಗುವಾಗ ಕಟ್ಟೆಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಮೊದಲು ಸೋಮನಿಂಗಪ್ಪನ ಕೆಮ್ಮು: ಎಣ್ಣೆ ಕಾಣದ ಗಾಡಿಯ ಅಚ್ಚಿನಂತೆ ಕಿರುಗುಟ್ಟಿ, ಕೊನೆಗೆ ಸೀಟಿ. ಆಮೇಲೆ ದನಿ.

"ಮಲಕವ್ವಾ... ಈಗ ಬರಬ್ಯಾಡ. ಗಂಜಿ ಕುಡಿ. ಔಷಧ ತಗೊ."

ತನ್ನ ದನಿಗೆ ತಾನೇ ಬೆದರಿದ. ಅಂಗೈ ಕೆಳಗಿನ ಕಲ್ಲು ಬೆಚ್ಚಗಿತ್ತು. ದಿನವಿಡೀ ಬಿಸಿಲು ಬಿದ್ದ ಕಲ್ಲು, ಬೆಚ್ಚಗಿರದೆ ಏನು ಎಂದುಕೊಂಡ. ಕಾಲಿಗೆ ಇರುವೆ ಕಡಿಯುತ್ತಿದ್ದರೂ ಕದಲದೆ ಕಾದ. ಕೊನೆಗೆ ಗುಡಿಸಲಿನೊಳಗಿಂದ ಬಟ್ಟಲಿನ ಸಪ್ಪಳ.

ಅಂದಿನಿಂದ ಸಂಜೆಯಾದರೆ ಸೋಮನಿಂಗಪ್ಪ ಕೆಮ್ಮುವುದು, ಮಲಕವ್ವ ಉಣ್ಣುವುದು. ಮುಖಕ್ಕೆ ಕಳೆ ಬಂತು, ಎದ್ದು ಒಲೆ ಹಚ್ಚಿದಳು. ಒಂದು ದಿನ ಮಾತ್ರ ಉಮದಿಯಲ್ಲೇ ಹೆರಿಗೆಯೊಂದು ಕಷ್ಟಕ್ಕೆ ಬಂದು ಗುರಪ್ಪನಿಗೆ ಕದಲಲು ಆಗಲಿಲ್ಲ. ಮುದುಕಿ ಮತ್ತೆ ಅನ್ನ ಬಿಟ್ಟಳೋ ಏನೋ ಎಂದು ಮಾರನೆಯ ದಿನ ಏದುಸಿರು ಬಿಡುತ್ತ ಬಂದ.

"ಎಲ್ಲಿ ಬಿಟ್ಟಾಳ?" ಅಂದಳು ಚನ್ನವ್ವ. "ನಿನ್ನಿ ಕೆಮ್ಮು ಕೇಳಿದ ಕೂಡ್ಲೇ ರೊಟ್ಟಿ ತಿಂದ್ಳು."

ಗುರಪ್ಪ ಸೈಕಲ್ಲಿನ ಹಿಡಿಕೆ ಬಿಡದೆ ಕಟ್ಟೆಯ ಕಡೆ ನೋಡಿದ. ನಿನ್ನೆ ಕೆಮ್ಮಿದವರು ಯಾರು? ಸಂಜೆಗೆ ಕಟ್ಟೆಯ ಹಿಂದೆ ಕುಳಿತನೇನೋ ಸರಿ, ಬಾಯಿ ತೆರೆಯಲಿಲ್ಲ. ಗಾಳಿ ನಿಂತಿತ್ತು. ಕಟ್ಟೆಯ ಆಚೆಯಿಂದ ಕಿರುಗುಟ್ಟುವ ಕೆಮ್ಮು ಬಂತು; ಕೊನೆಗೆ ಸೀಟಿ.

"ಗುರಪ್ಪಾ... ನನ್ನ ಗಂಟಲಾ ನನಗ ಕೊಡೋ."

ಓಡಿದ. ಧೋತರ ಬೇಲಿಯ ಮುಳ್ಳಿಗೆ ಸಿಕ್ಕಿ, ಮಕಾಡೆ ಬಿದ್ದ. ಹಿಂದಿನಿಂದ ಹೆಂಗಸರ ನಗು. ಕಟ್ಟೆಗೆ ಒರಗಿ ಮಲಕವ್ವ ಕೂತಿದ್ದಳು, ಪಕ್ಕದಲ್ಲಿ ಬಾಯಿಗೆ ಸೆರಗು ತುರುಕಿಕೊಂಡ ಚನ್ನವ್ವ.

"ಆ ಕೆಮ್ಮಿನ ಕೂಡ ಜಲ್ಮಾ ಕಳದೀನಿ, ನನಗ ಬರಾಂಗಿಲ್ಲೇನೋ?" ಅಂದಳು ಮಲಕವ್ವ. "ಮೊದಲನೇ ದಿನಾನ ನಿನ್ನ ಹಿಡದೆ. ಗಂಡ ಆದಾಂವ ಹೆಂಡ್ತಿ ಹೆಸರ ಹಿಡದು ಒದರ್ತಾನೇನೋ ಹುಚ್ಚಪ್ಪಾ? ನಮ್ಮವರು 'ಏ, ಕೇಳಿದೇನ' ಅಂತಿದ್ರು, ಅಷ್ಟ. ಲಗ್ನ ಆಗದಾಂವ, ನಿನಗೇನ ಗೊತ್ತು!"

"ಮತ್ತ ಗಂಜಿ ಯಾಕ ಕುಡದಿ, ಆಯಿ?"

"ನೀ ಅಲ್ಲಿ ಇರಿವಿ ಕಡಿಸ್ಕೋತ ಕುಂತಿದ್ಯಲ್ಲ. ನಾ ಕುಡೀಲಿಲ್ಲಂದ್ರ ನೀ ಏಳೂಹಂಗ ಕಾಣಲಿಲ್ಲ."

ಗುರಪ್ಪ ಧೋತರ ಬಿಡಿಸಿಕೊಳ್ಳುತ್ತ ಹಗುರಾಗಿ ಕೇಳಿದ: "ಹಂಗಾರ ನಿನ್ನಿ ಕೆಮ್ಮಿದಾಕಿನೂ ನೀನ ಅನ್ನು."

"ನಿನ್ನಿ? ನಿನ್ನಿ ನಾ ಒಲಿ ಮುಂದಿದ್ದೆ. ಬಂದಾಂವ ನೀನ ಅಲ್ಲೇನು? ಹುಡುಗ ಶಾಣ್ಯಾ ಆದ ಅನ್ಕೊಂಡೆ. ಹೆಸರ ಬಿಟ್ಟು, 'ಏ, ಕೇಳಿದೇನ, ರೊಟ್ಟಿ ತಿನ್ನ' ಅಂದ್ಯಲ್ಲ."

"ನಾ ನಿನ್ನಿ ಉಮದಿ ಬಿಟ್ಟಿಲ್ಲ, ಆಯಿ."

ಮಲಕವ್ವ ಕಟ್ಟೆಯ ಕಲ್ಲನ್ನು ಮೆಲ್ಲಗೆ ಸವರಿದಳು. ಆಮೇಲೆ ಹೊಸ ಮದುಮಗಳಂತೆ ಸೆರಗು ಎಳೆದುಕೊಂಡು, ಕಿಸಕ್ಕನೆ ನಕ್ಕಳು. ಚನ್ನವ್ವನೂ ನಕ್ಕಳು, ಅರ್ಧ.

ಎಲ್ಲರಿಗಿಂತ ಜೋರಾಗಿ ನಕ್ಕವನು ಗುರಪ್ಪ. ಸೈಕಲ್ ಹತ್ತಿ, ಹೊಲ ದಾಟಿ, ಉಮದಿಯ ದಾರಿ ಸಿಗುವವರೆಗೂ ನಕ್ಕ. ನಗು ನಿಲ್ಲಿಸಿದರೆ ಹಿಂದಿನಿಂದ ಏನು ಕೇಳೀತೋ ಎಂದು.