ಹೊಸಿಲಾಚೆಯಿಂದ ಕಂಡ ಕನ್ನಡಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡೇ ದಿನ ಇರುವಾಗ ಭಾಗ್ಯಮ್ಮನ ಕೈಜಾರಿ ಕನ್ನಡಿ ಒಡೆಯಿತು. ಅದು ಅವಳ ಅತ್ತೆ ಅನುಸೂಯಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಪ್ರತಿ ವರ್ಷ ಕಳಶ ಕೂರಿಸುವುದು ಅದರ ಮುಂದೆಯೇ. ದೇವನಹಳ್ಳಿಯ ಮಗಳ ಮನೆಗೆ ಹೋಗಿದ್ದ ಅತ್ತೆ ಶುಕ್ರವಾರ ಮೊದಲ ಬಸ್ಸಿಗೆ ಬರುವವರಿದ್ದರು.

ಕೇರಿಯಿಂದ ಕೆಲಸಕ್ಕೆ ಬಂದು ಜಗಲಿ ಗುಡಿಸುತ್ತಿದ್ದ ಸಪ್ಪಲಮ್ಮ ಆ ಸದ್ದಿಗೆ ಪೊರಕೆ ನಿಲ್ಲಿಸಿದಳು. ಒಡೆದದ್ದು ಯಾರೆಂದು ಆ ಮನೆಯಲ್ಲಿ ಕೇಳುವ ಪದ್ಧತಿಯೇ ಇಲ್ಲ. ಹೋದ ವರ್ಷ ಹಬ್ಬದ ಹಾಲು ಒಡೆದಾಗ, ಬೆಳಿಗ್ಗೆ ಎದುರಾದವಳು ಸಪ್ಲಿ ಎಂದು ತೀರ್ಮಾನವಾಗಿ ಅವಳ ಕೆಲಸ ಹದಿನೈದು ದಿನ ತಪ್ಪಿತ್ತು. ಅಂಗಳ, ಕೊಟ್ಟಿಗೆ, ಜಗಲಿಗೆ ಅವಳ ಕೈ ಬೇಕು. ಹೊಸಿಲು ದಾಟಿದರೆ ಮೈಲಿಗೆ. ಈ ಸಲ ಒಡೆದದ್ದು ಲಕ್ಷ್ಮಿಯ ಕನ್ನಡಿ. ಕೆಲಸ ಪೂರಾ ಹೋದಂತೆಯೇ.

ಭಾಗ್ಯಮ್ಮ ಗಾಜಿಲ್ಲದ ಕನ್ನಡಿಯ ಬರಿಯ ಚೌಕಟ್ಟು ಹಿಡಿದು ಹೊರಬಂದಳು. "ದೊಡ್ಡಬಳ್ಳಾಪುರಕ್ಕೆ ಹೋಗಿ ಗಾಜು ಹಾಕಿಸ್ಕೊಂಡು ಬರ್ತೀಯಾ ಸಪ್ಲಮ್ಮ?"

"ಹೋಗ್ತೀನಿ ಕಣವ್ವ. ಹೊಸದು ಅಂತ ಅಮ್ಮೋರಿಗೆ ಗೊತ್ತಾಗಲ್ವಾ?"

"ಗೊತ್ತಾಗ್ದಂಗೆ ಏನಾದ್ರೂ ಮಾಡಾನ."

ದೇವರ ಪಟಗಳಿಗೆ ಕಟ್ಟು ಹಾಕುವ ಕೊಂಡಪ್ಪ ಪೇಟೆಯ ಅಂಗಡಿಯಲ್ಲಿ ನಕ್ಕ. "ಅಲ್ಲಕ್ಕ, ಎಲ್ರೂ ಹಳೇದನ್ನ ಹೊಸದು ಮಾಡ್ಕೊಡು ಅಂತಾರೆ. ನೀನು ಹರೇದ ಹೆಣ್ಣನ್ನ ಮುದುಕಿ ಮಾಡು ಅಂತೀಯಲ್ಲ." ಆದರೂ ಉಪಾಯ ಹೇಳಿಕೊಟ್ಟ. ಗಾಜಿನ ಬೆನ್ನಿಗೆ ಬಳಿದ ಕೆಂಪು ಬಣ್ಣ ಕೆರೆಯಬೇಕು. ಗಟ್ಟಿ ಹುಣಿಸೆ ರಸಕ್ಕೆ ಉಪ್ಪು ಕಲಸಿ ಹಚ್ಚಿ ಬಿಸಿಲಿಗಿಡಬೇಕು. ಅದು ಒಳಗಿನ ಬೆಳ್ಳಿ ಲೇಪವನ್ನು ತಿಂದ ಮೇಲೆ ದೀಪದ ಕಾಡಿಗೆ ಸವರಬೇಕು; ಹಳೇ ಕನ್ನಡಿಯ ಕಲೆಯಂತೆಯೇ ಕಾಣುತ್ತದೆ.

ಮಾರನೆಯ ದಿನ ಹಿತ್ತಲಿನಲ್ಲಿ ಭಾಗ್ಯಮ್ಮ ಅಲ್ಲಿಷ್ಟು ಇಲ್ಲಿಷ್ಟು ಕೆರೆಯತೊಡಗಿದಳು.

"ತಡಿಯವ್ವ, ಸಿಡುಬೆದ್ದಂಗಾಯ್ತದೆ," ಎಂದಳು ಸಪ್ಪಲಮ್ಮ. "ಕೆಳಗಡೆ ಎಡಕ್ಕೆ ಅಂಗೈಯಗಲ ಕಲೆ ಒಂದಿತ್ತು. ಅದರ ಮಗ್ಗುಲಿಗೆ ರಾಗಿ ಚೆಲ್ದಂಗೆ ಚುಕ್ಕಿ. ಮೇಲ್ಗಡೆ ಬಲಕ್ಕೆ ಗರಿಕೆ ಎಸಳಿನಂಗೆ ಉದ್ದಕ್ಕೆ ಒಂದು."

ಭಾಗ್ಯಮ್ಮ ಬೆರಗಾದಳು. "ಮೂರು ವರ್ಷದಿಂದ ಅದರಾಗೇ ತಲೆ ಬಾಚ್ಕೊಂಡಿದೀನಿ. ನಂಗೊಂದೂ ಗ್ಯಾನ ಇಲ್ವಲ್ಲೇ. ನಿಂಗೆಂಗೆ ಗೊತ್ತು?"

"ನಿಂಗೆ ನಿನ್ನ ಮುಖ ಕಾಣ್ತಿತ್ತು. ಹೊಸಿಲಾಚೆ ನಿಂತ್ರೆ ಅದರಾಗೆ ನನ್ನ ಮುಖ ಕಾಣಾಕಿಲ್ಲ ಕಣವ್ವ. ಕಲೆ ಕಾಣ್ತಿತ್ತು."

ಭಾಗ್ಯಮ್ಮ ಹುಣಿಸೆ ಬಟ್ಟಲನ್ನು ಇಬ್ಬರ ನಡುವೆ ಸರಿಸಿದಳು. ಒಂದೇ ಬಟ್ಟಲಿಗೆ ಇಬ್ಬರ ಬೆರಳೂ ಇಳಿದವು. ಆಕಾಶವೇನೂ ಕಳಚಿ ಬೀಳಲಿಲ್ಲ.

ಶುಕ್ರವಾರ ಅನುಸೂಯಮ್ಮ ಬಂದು, ಮಿಂದು, ಕಳಶದ ಹಿಂದೆ ಕನ್ನಡಿ ನಿಲ್ಲಿಸಿದರು. ಗರಿಕೆ ಎಸಳಿನ ಕಲೆ ಇದ್ದಲ್ಲಿಯೇ ಇತ್ತು. ಆದರೆ ಕಟ್ಟಿನ ಹಿಂದೆ ಅವರ ಬೆರಳಿಗೆ ಹೊಸ ಮೊಳೆ ತಾಕಿತು.

"ಇದನ್ನ ಯಾರು ಬಿಚ್ಚಿದ್ದು? ಆ ಸಪ್ಲಿ ಏನಾದ್ರೂ ಒಳಕ್ಕೆ ಬಂದಿದ್ಲಾ?"

ಜಗಲಿಯ ಕೆಳಗೆ ಸಪ್ಪಲಮ್ಮ ಹೊರಡಲು ಪೊರಕೆ ಕೆಳಗಿಟ್ಟಳು.

"ಒಡೆದದ್ದು ನಾನು ಅತ್ತೆ," ಎಂದಳು ಭಾಗ್ಯಮ್ಮ. "ಗಾಜು ಹಾಕಿಸ್ಕೊಂಡು ಬಂದಿದ್ದು ಸಪ್ಲಮ್ಮ. ಒಂದೊಂದು ಕಲೇನೂ ಅವಳೇ ಹೇಳಿ ಹಾಕ್ಸಿದ್ಲು. ಬಯ್ಯೋದಿದ್ರೆ ನನ್ನ ಬಯ್ಯಿರಿ."

ಬಯ್ದರು, ಸೊಸೆಯ ತವರನ್ನೂ ಬಿಡದೆ. ಬಯ್ದು ಸುಸ್ತಾದ ಮೇಲೆ ಕನ್ನಡಿಯತ್ತ ಬಾಗಿ ನೋಡಿ, "ಕಲೆಯೇನೋ ಸರಿಯಾಗೈತೆ," ಎಂದು ಗೊಣಗಿ ಬತ್ತಿ ಹೊಸೆಯಲು ಕೂತರು. ಸಪ್ಪಲಮ್ಮನ ಹೆಸರು ಮತ್ತೆ ಅವರ ಬಾಯಿಗೆ ಬರಲಿಲ್ಲ.

ಪೂಜೆ ಮುಗಿದ ಮೇಲೆ ಭಾಗ್ಯಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಂಗಳಕ್ಕಿಳಿದಳು. ಎಲೆಯ ಮೇಲೆ ಕುಂಕುಮ ಉದುರಿಸಿ ದೂರದಿಂದ ಇಡುವುದು ಆ ಮನೆಯ ವಾಡಿಕೆ. ಇವಳು ಸಪ್ಪಲಮ್ಮನ ಹಣೆಗೆ ಬೆರಳಿಟ್ಟು ಹಚ್ಚಿದಳು.

"ಯಾಕವ್ವ ಹೇಳ್ದೆ? ನಿನ್ನ ತವರನ್ನ ಹಂಗೆ ಬಯ್ಯಿಸ್ಕೊಂಡೆ."

"ನನ್ನ ಬೈಗುಳ ನಾನು ತಿಂದೆ. ಇಷ್ಟು ದಿನ ನೀನು ತಿಂತಿದ್ದೆ."

ನಿಜವನ್ನು ನಿಜವೆಂದು ಹೇಳಿದ್ದಕ್ಕೆ ಇಷ್ಟೊಂದು ಋಣಿಯಾಗಬೇಕಲ್ಲ ಎಂದು ಸಪ್ಪಲಮ್ಮನಿಗೆ ಒಳಗೇ ಸಿಟ್ಟು ಬಂತು. ಆದರೂ ಕಣ್ಣು ತುಂಬಿತು. "ನಿನ್ನ ಹೊಟ್ಟೆ ತಣ್ಣಗಿರಲವ್ವ," ಎಂದಳು. ಕುಂಕುಮ ಅಳಿಸದಂತೆ ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ, ಎಂದಿನ ಹಿತ್ತಲ ದಾರಿ ಬಿಟ್ಟು ಊರ ನಡುಬೀದಿಯಲ್ಲೇ ಕೇರಿಯ ಕಡೆ ನಡೆದಳು.