ಬೆಕ್ಕು, ಸ್ಕೂಟರು, ಕುತ್ತಿಗೆ

ಮತ್ತೆ ಅದೇ ಹಾಡು, ಪಕ್ಕದ ಮೊಬೈಲ್ ಅಂಗಡಿಯಿಂದ ಪಾರ್ಲರಿನ ಗೋಡೆ ತೂರಿ ಬರುತ್ತಿದೆ, ತಿರುಗಬೇಡ ತಿರುಗಬೇಡ ಎಂದು ಹಾಡುವ ತಮ್ಮನ ದನಿ, ಅವಳ ಬೆರಳುಗಳು ಮಾತ್ರ ನಿಲ್ಲದೆ ಬೇಸಿನ್ನಿಗೆ ತಲೆಯೊರಗಿಸಿದ ಹುಡುಗಿಯ ಕೂದಲಲ್ಲಿ ನೊರೆ ಉಜ್ಜುತ್ತಿವೆ, ನೀರು ಬಿಸಿಯಾಯ್ತಾ ಎಂದು ಕೇಳಬೇಕಿತ್ತು, ಕೇಳಲಿಲ್ಲ — ಈ ಹಾಡು ಹೇಗೆ ಹುಟ್ತು ಗೊತ್ತಾ, ಹುಡುಗಿ ಸೋಫಾದಲ್ಲಿ ಕೂತ ಗೆಳತಿಗೆ ಹೇಳುತ್ತಿದ್ದಾಳೆ, ಅವನ ಸ್ಕೂಟರಿಗೆ ಕನ್ನಡಿ ಇರ್ಲಿಲ್ವಂತೆ, ಅಯ್ಯೋ ಅಲ್ವೇ, ಅವನ ಬೆಕ್ಕು ಮುನಿಸ್ಕೊಂಡು ಬೆನ್ನು ಹಾಕಿ ಕೂತಿತ್ತಂತೆ, ಅಭಿಮಾನಿಗಳ ಗುಂಪಲ್ಲಿ ಬಂದಿದೆ, ಅದೆಲ್ಲ ಸುಳ್ಳು ಕಣೇ, ಕುತ್ತಿಗೆ ಉಳುಕಿತ್ತಂತೆ, ಟೀವಿಯಲ್ಲಿ ಅವನೇ ಒಪ್ಕೊಂಡ — ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ, ಅಲುಗಬೇಡಮ್ಮ, ಕಿವಿಗೆ ನೊರೆ ಹೋಗತ್ತೆ, ಒಪ್ಪಿಕೊಂಡಿದ್ದು ನಿಜ, ಅವಳೂ ನೋಡಿದ್ದಳು, ಕುತ್ತಿಗೆಗೆ ಕೈಯಿಟ್ಟು ನರಳಿ ತೋರಿಸಿ ಎಲ್ಲರನ್ನೂ ನಗಿಸಿದ್ದ, ತಕ್ಷಣ ಫೋನು ಮಾಡಿದ್ದಳು, ಏನೋ ಇದು, ಅಮ್ಮ ಮನೆ ಬಿಟ್ಟು ಹೋದ ದಿನದ ಮಾತಲ್ವೇನೋ ಅದು, ಬಸ್ ಸ್ಟ್ಯಾಂಡಲ್ಲಿ ಹೇಳಿದ್ದಲ್ವಾ, ಅತ್ತಲಿಂದ ಅವನು, ಯಾವ ಬಸ್ ಸ್ಟ್ಯಾಂಡಕ್ಕಾ, ನಂಗೇನೂ ನೆನಪಿಲ್ವಲ್ಲ, ಆ ಸಾಲು ಎಲ್ಲಿಂದ ಬಂತೋ ನಂಗೇ ಗೊತ್ತಿಲ್ಲ, ಕುತ್ತಿಗೆ ಅಂದ್ರೆ ಜನ ನಗ್ತಾರೆ, ನಗ್ಲಿ ಬಿಡು — ಬಿಡಬೇಕಂತೆ, ಎಲ್ಲಿ ಬಿಡುವುದು, ಅಪ್ಪ ಅಮ್ಮನ ಹೆಸರೆತ್ತದೆಯೇ ಕಣ್ಣು ಮುಚ್ಚಿದ, ಉಳಿದವನು ಇವನೊಬ್ಬ, ಈ ಹಾಡು ಮೊದಲ ಸಲ ಕೇಳಿದಾಗ ಇದೇ ಬೇಸಿನ್ನಿನ ಅಂಚು ಹಿಡಿದು ಅತ್ತಿದ್ದಳು, ಸದ್ಯ, ಇವನೂ ಎದೆಯಲ್ಲಿಟ್ಟುಕೊಂಡಿದ್ದಾನೆ, ನಾನೊಬ್ಬಳೇ ಅಲ್ಲ ಎಂದು, ಇವನು ಇಟ್ಟುಕೊಂಡಿದ್ದು ಬರೀ ರಾಗ.

ನೇರ ಮನೆಗೆ ಹೋಗಿ ಮಕ್ಕಳೇ, ತಿರುಗಬೇಡಿ, ಅಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ತಮ್ಮ ತಿರುಗಲಿಲ್ಲ, ಹೇಳಿದ ಮಾತು ಕೇಳುವ ಮಗು, ಅವಳ ಕಿರುಬೆರಳು ಹಿಡಿದು ಅದನ್ನೇ ಗುನುಗುತ್ತ ನಡೆದ, ನೋಡಿದ್ದರೆ ತಾನೇ ನೆನಪಿರುವುದು, ಇವನು ನೋಡಲೇ ಇಲ್ಲ, ತಿರುಗಿದವಳು ಅವಳು — ಆಂಟಿ, ಕಣ್ಣುರಿ, ನೀರು ಹಾಕಿ ಬೇಗ, ಹಾಕಬೇಕು, ಕೈ ನಲ್ಲಿಯ ಮೇಲಿದೆ, ಹೊರಟ ಬಸ್ಸಿನ ಕಿಟಕಿಯಲ್ಲಿ ಅಮ್ಮನ ತುರುಬು, ಅರ್ಧ ಸಡಿಲವಾದದ್ದು, ಪಿನ್ನೊಂದು ಜಾರಿ ಹೊರಗೆ ಚಾಚಿದ್ದು, ಈಗ ಕೈಯೆತ್ತಿ ಸರಿಮಾಡಿಕೊಳ್ಳುತ್ತಾಳೆ, ಈಗ ಇತ್ತ ತಿರುಗುತ್ತಾಳೆ, ಆಂಟೀ, ಬಸ್ಸು ದೂರ ಹೋಗುತ್ತದೆ, ತುರುಬು, ಇನ್ನೂ ದೂರ, ಈಗಲಾದರೂ, ಕಿಟಕಿಯಲ್ಲಿ ಆ ತುರುಬು